ಎಲ್ಲರ ಗಚ್ಚಿಗೆ ಒಬ್ಬರ ಬೀಗ

ಸ್ಥಿರಾಸ್ತಿ ನಿಯಂತ್ರಣ ಕಾಯ್ದೆಯಾದ ರೇರಾ ಬಂತು, ಪಾರ್ಕಿಂಗ್ ಮತ್ತು ಗಚ್ಚಿಯ ತಕರಾರು ಮುಗಿಯಿತು ಎಂಬ ಮಾತು ಈಗ ವಕೀಲರ ನಡುವೆಯೂ ಓಡಾಡುತ್ತಿದೆ. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರದ ಕಾಗದಪತ್ರ ನೋಡುವವರು ಇದನ್ನು ಒಪ್ಪಲಾರರು.

ಪಾಲು ಮಾಡಲಾಗದ ಆಸ್ತಿ ಈ ಸೀಮೆಗೆ ಹೊಸ ವಿಚಾರವಲ್ಲ. ಪಕ್ಕದ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೇ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಬಾವಿಯನ್ನೂ ಓಡಾಡುವ ದಾರಿಯನ್ನೂ ಹಂಚಲಾಗದ ಆಸ್ತಿಗೆ ಸೇರಿಸಿದ್ದ. ವಾಡೆಗಳ ಪಾಲುಪತ್ರಗಳಲ್ಲಿ ಬಾವಿ, ಅಂಗಳ ಸಾಮಾಯಿಕವಾಗಿ ಉಳಿದದ್ದು ಇದೇ ಜಾಡಿನಲ್ಲಿ. 1956ರಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆ ಬಿಟ್ಟು ಮುಂಬಯಿ ರಾಜ್ಯ ಸೇರಿದವು. ಹೀಗಾಗಿ ಬೀದರಿಗೆ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, ಇವಕ್ಕೆ ಮಹಾರಾಷ್ಟ್ರದ 1970ರದ್ದು.

ಎರಡರ ಹುರುಳು ಒಂದೇ, ಅದಕ್ಕಿಂತ ಒಳ್ಳೆಯ ಏರ್ಪಾಡು ಆಮೇಲೆ ಬಂದಿಲ್ಲ. ನೆಲ, ಕಂಬ, ಮೆಟ್ಟಿಲು, ಛಾವಣಿ, ಪಾರ್ಕಿಂಗ್ ಎಲ್ಲವೂ ಅವಿಭಾಜ್ಯ. ಪ್ರತಿ ಮನೆಗೂ ಅದರಲ್ಲಿ ಶೇಕಡಾವಾರು ಪಾಲು. ಒಂದು ಜಾಗವನ್ನು ಕೆಲವರಿಗೇ ಮೀಸಲಿಡಬೇಕಾದರೆ ಕಟ್ಟಡದ ಮಾಲೀಕರು ನೋಂದಾಯಿಸುವ ಘೋಷಣಾಪತ್ರದಲ್ಲೇ ಬರೆಯಬೇಕು. ಆಗ ಬಳಕೆ ಅವರದು, ಒಡೆತನ ಎಲ್ಲರದು. ಕೊರತೆ ಒಂದೇ: ಮಾಲೀಕರು ತಾವಾಗಿ ಘೋಷಣಾಪತ್ರ ನೋಂದಾಯಿಸಿದರೆ ಮಾತ್ರ ಮಹಾರಾಷ್ಟ್ರದ ಕಾಯ್ದೆ ಆ ಕಟ್ಟಡಕ್ಕೆ ಅನ್ವಯ.

ನಮ್ಮ ತಲೆಮಾರಿಗೆ ದಾರಿ ತೋರಿದ್ದು 2010ರ ಆಗಸ್ಟ್ 31ರ ಸುಪ್ರೀಂ ಕೋರ್ಟ್ ತೀರ್ಪು. ಮುಂಬಯಿಯ ದಹಿಸರದ ಪಾಂಚಾಲಿ ಸೊಸೈಟಿಯ ವಿರುದ್ಧ ಬಿಲ್ಡರ್ ನಹಾಲ್‌ಚಂದ್ ಲಲೂಚಂದ್ ಕಂಪನಿ ಹೂಡಿದ ದಾವೆ ಅದು. ಕಂಬಗಳ ನಡುವಿನ ಸ್ಟಿಲ್ಟ್ ಜಾಗ ಫ್ಲ್ಯಾಟೂ ಅಲ್ಲ, ಗ್ಯಾರೇಜೂ ಅಲ್ಲ, ಸಾಮಾನ್ಯ ಪ್ರದೇಶ. ಅದನ್ನು ಬಿಡಿಯಾಗಿ ಮಾರುವ ಹಕ್ಕು ಬಿಲ್ಡರಿಗಿಲ್ಲ ಎಂದರು ನ್ಯಾಯಮೂರ್ತಿಗಳಾದ ಲೋಧಾ ಮತ್ತು ಪಟ್ನಾಯಕ್. ಮಹಾರಾಷ್ಟ್ರದ 1963ರ ಫ್ಲ್ಯಾಟು ಕಾಯ್ದೆಯನ್ನು ಕೊಂಡವರ ಕಡೆಯಿಂದ ಓದಿದ ತೀರ್ಪು ಇದು.

2016ರ ರೇರಾ, ಗಚ್ಚಿಯನ್ನೂ ತೆರೆದ ಪಾರ್ಕಿಂಗನ್ನೂ ಸಾಮಾನ್ಯ ಪ್ರದೇಶವೆಂದು ಕಾಯ್ದೆಯಲ್ಲೇ ಬರೆಯಿತು. ಆದರೆ 2017ರ ಮಹಾರಾಷ್ಟ್ರ ನಿಯಮಗಳು ಸ್ಟಿಲ್ಟನ್ನು 'ಮುಚ್ಚಿದ ಪಾರ್ಕಿಂಗ್' ಲೆಕ್ಕಕ್ಕೆ ಸೇರಿಸಿದವು. ಅಂಥದ್ದನ್ನು ದುಡ್ಡಿಗೆ ಮಾರಬಹುದೆಂದು ರಾಜ್ಯದ ರೇರಾ ಪ್ರಾಧಿಕಾರವಾದ ಮಹಾರೇರಾ 2021ರಲ್ಲಿ ಸುತ್ತೋಲೆ ಹೊರಡಿಸಿತು. ಕೋರ್ಟು ಮುಚ್ಚಿದ ಬಾಗಿಲನ್ನು ನಿಯಮ ತೆರೆಯಿತು. ಈ ವಿಷಯಕ್ಕೆ ಸಿಗಬೇಕಾದಷ್ಟು ಚರ್ಚೆ ಸಿಕ್ಕಿಲ್ಲ.

ಇಷ್ಟಾದರೂ ನಮ್ಮೂರುಗಳ ಸಣ್ಣ ಕಟ್ಟಡಗಳು ಈ ಚೌಕಟ್ಟಿನ ಹೊರಗೇ ಉಳಿಯುತ್ತವೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳು ಎಂಟನ್ನು ಮೀರದಿದ್ದರೆ, ರೇರಾ ನೋಂದಣಿ ಬೇಕಿಲ್ಲ. ಕೆಳಗೆ ಅಂಗಡಿ, ಮೇಲೆ ಆರು ಮನೆ ಇರುವ ಕಟ್ಟಡವನ್ನೇ ನೋಡಿ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಂಕಿ, ಬಿಲ್ಡರನ ಲೆಟರ್‌ಹೆಡ್ಡಿನಲ್ಲಿ ಒಂದು ಚೀಟಿ. ಮರಾಠಿ ಖರೀದಿಪತ್ರದಲ್ಲಿ ಚದರಡಿ, ಚಕ್ಕುಬಂದಿ ಬಿಟ್ಟರೆ ಪಾರ್ಕಿಂಗಿನ ಸೊಲ್ಲೇ ಇಲ್ಲ. ಮೇಲ್ಮಹಡಿಯವರು ಗಚ್ಚಿಗೆ ಬೀಗ ಜಡಿಯುತ್ತಾರೆ. ಟಾಕಿ ಸೋರಿದರೆ ಕೆಳಗಿನವರು ಕೀಲಿ ಬೇಡಬೇಕು. ಮನೆಯಲ್ಲಿ ಕನ್ನಡ ಆಡುವ ಕೊಳ್ಳುವವರಿಗೆ, ಆ ಚೀಟಿಯಿಂದ ಒಡೆತನ ಬರುವುದಿಲ್ಲವೆಂದು ಅವರ ಭಾಷೆಯಲ್ಲಿ ಹೇಳುವವರಿಲ್ಲ.

ಮೊದಲ ಮನೆಯ ಖರೀದಿಪತ್ರ ನೋಂದಾಯಿಸುವಾಗಲೇ ಘೋಷಣಾಪತ್ರವನ್ನೂ ಕಡ್ಡಾಯವಾಗಿ ಕೇಳುವ ಒಂದು ಕಲಂ 1970ರ ಕಾಯ್ದೆಗೆ ಸೇರಬೇಕು, ಆರು ಮನೆಯ ಕಟ್ಟಡಕ್ಕೂ.