ಕವಾಟಕ್ಕೆ ಹಿಮ ಕಟ್ಟಿದಾಗ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರಿನಲ್ಲಿ ಅತಿಶೈತ್ಯ ತಂತ್ರಜ್ಞಾನಕ್ಕೇನು ಕೆಲಸ ಎಂದು ನೀವು ಕೇಳಬಹುದು. ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ಯಾವುದಾದರೂ ಪಶು ಚಿಕಿತ್ಸಾಲಯಕ್ಕೆ ಹೋಗಿ ನೋಡಿ. ಅಗಲ ಹೊಟ್ಟೆಯ, ಕಿರುಗತ್ತಿನ ಅಲ್ಯೂಮಿನಿಯಂ ಜಾಡಿಯೊಂದು ಕಾಣುತ್ತದೆ. ಅದರೊಳಗಿರುವುದು –196 ಡಿಗ್ರಿ ಸೆ. ಉಷ್ಣತೆಯ ದ್ರವ ನೈಟ್ರೊಜನ್. ವೀರ್ಯದ ಕಡ್ಡಿಗಳನ್ನು ಅದರಲ್ಲಿ ಮುಳುಗಿಸಿಟ್ಟಿರುತ್ತಾರೆ. ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಏಳುತ್ತದೆ. ಅದು ಸುತ್ತಲಿನ ಗಾಳಿಯ ನೀರಾವಿ ತಣಿದು ಆದ ಮಂಜು. ಅತಿಶೈತ್ಯ ಉಪಕರಣಗಳ ಕವಾಟಗಳನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಕಾಡುತ್ತಿರುವುದು ಈ ತೇವಾಂಶವೇ.

ಆಕ್ಸಿಜನ್ ದ್ರವವಾಗುವ ಮೊದಲ ಸುಳಿವು 1877ರಲ್ಲಿ ಫ್ರಾನ್ಸಿನ ಕೈಯೆಟೆ ಹಾಗೂ ಸ್ವಿಟ್ಸರ್ಲೆಂಡಿನ ಪಿಕ್ಟೆ ಅವರಿಗೆ ದೊರೆಯಿತು. 1892ರಲ್ಲಿ ಬ್ರಿಟನ್ನಿನ ಜೇಮ್ಸ್ ಡೀವರ್ ನಿರ್ವಾತ ಪಾತ್ರೆಯನ್ನು ರೂಪಿಸಿದ. ನಿಮ್ಮ ಮನೆಯ ಥರ್ಮಾಸ್ ಫ್ಲಾಸ್ಕೂ ಪಶು ಚಿಕಿತ್ಸಾಲಯದ ಜಾಡಿಯೂ ಅದರ ಸಂತತಿ. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ, ಒತ್ತಡದಲ್ಲಿರುವ ಗಾಳಿಯನ್ನು ಕಿರಿದಾದ ಕವಾಟದ ಮೂಲಕ ಹಿಗ್ಗಿಸಿ ತಣಿಸುವ ವಿಧಾನದಿಂದ ಗಾಳಿಯನ್ನು ಹೆಚ್ಚು ಪ್ರಮಾಣದಲ್ಲಿ ದ್ರವವಾಗಿಸಿದ.

ತೊಡಕು ಇರುವುದು ಆ ಕಿರಿದಾದ ಕಂಡಿಯಲ್ಲೇ. ನೀರು 0 ಡಿಗ್ರಿಯಲ್ಲಿ, ಕಾರ್ಬನ್ ಡೈಆಕ್ಸೈಡ್ ಸುಮಾರು –78 ಡಿಗ್ರಿಯಲ್ಲಿ ಗಟ್ಟಿಯಾಗುತ್ತವೆ. ಗಾಳಿ ದ್ರವವಾಗುವ ಮೊದಲೇ ಇವು ದಾರಿಯನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಮೊದಲು ಒಣಗಿಸಿ, ಶುದ್ಧಗೊಳಿಸಿ, ಅನಂತರ ತಣಿಸಬೇಕು. 1898ರಲ್ಲಿ ಹೈಡ್ರೊಜನ್ನನ್ನು ದ್ರವವಾಗಿಸಿದ ಡೀವರ್, ಹೀಲಿಯಂನಲ್ಲಿ ಎಡವಲು ಇದೂ ಒಂದು ಕಾರಣ: ಅದರೊಡನೆ ಬೆರೆತಿದ್ದ ನಿಯಾನ್ ಗಟ್ಟಿಯಾಗಿ ನಳಿಕೆಗಳನ್ನು ಕಟ್ಟಿತು. 1908ರ ಜುಲೈ 10ರಂದು ಹೀಲಿಯಂ ದ್ರವವಾದದ್ದು ನೆದರ್ಲೆಂಡ್ಸ್‌ನ ಕಾಮರ್ಲಿಂಗ್ ಓನೆಸ್ ಅವರ ಪ್ರಯೋಗಾಲಯದಲ್ಲಿ.

ನಮ್ಮ ದೇಶಕ್ಕೂ ಕವಾಟ ಪಾಠ ಕಲಿಸಿದೆ. 2021ರ ಆಗಸ್ಟ್ 12ರಂದು ಶ್ರೀಹರಿಕೋಟಾದಿಂದ ಏರಿದ ಜಿಎಸ್‌ಎಲ್‌ವಿ–ಎಫ್10 ರಾಕೆಟ್ಟಿನ ಕ್ರಯೋಜನಿಕ್ ಹಂತ ಕೆಲಸ ಮಾಡಲಿಲ್ಲ. ಇಒಎಸ್–03 ಉಪಗ್ರಹ ನಷ್ಟವಾಯಿತು. ದ್ರವ ಹೈಡ್ರೊಜನ್ ತೊಟ್ಟಿಯ ಒತ್ತಡ ನಿವಾರಕ ಕವಾಟ ಸೋರಿದ್ದರಿಂದ ಎಂಜಿನ್ ಹೊತ್ತಿಕೊಳ್ಳಬೇಕಾದ ಸಮಯಕ್ಕೆ ತೊಟ್ಟಿಯ ಒತ್ತಡ ಕುಸಿದಿತ್ತು ಎಂದು ತನಿಖಾ ಸಮಿತಿ ಕಂಡುಕೊಂಡಿತು. ಮೃದು ಮುದ್ರೆಗೆ ಆದ ಹಾನಿ, ಕಲ್ಮಶ ಅಥವಾ ಅತಿಶೈತ್ಯದಲ್ಲಿ ಜೋಡಣೆಯ ಮೇಲೆ ಬಿದ್ದ ಬಿಗುವು ಸೋರಿಕೆಗೆ ಕಾರಣವಿರಬಹುದು ಎಂದಿತು. ಕವಾಟವನ್ನು ಬಲಪಡಿಸಲು, ಎಂಜಿನ್ ಹೊತ್ತುವ ಮುನ್ನ ತೊಟ್ಟಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಸೇರಿಸಲು ಶಿಫಾರಸು ಮಾಡಿತು. 2023ರ ಮೇ 29ರಂದು ಜಿಎಸ್‌ಎಲ್‌ವಿ–ಎಫ್12 ಯಶಸ್ವಿಯಾಯಿತು.

ಅದೇ 2021ರಲ್ಲಿ, ಕೋವಿಡ್ ಎರಡನೆಯ ಅಲೆಯಲ್ಲಿ, ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ದ್ರವ ಆಕ್ಸಿಜನ್ ಆಸ್ಪತ್ರೆಗಳಿಗೆ ಹರಿದದ್ದು ನಿಮಗೆ ನೆನಪಿರಬಹುದು. ಆಸ್ಪತ್ರೆಯಲ್ಲಿ –183 ಡಿಗ್ರಿಯ ಆ ದ್ರವ, ರೆಕ್ಕೆಗಳಿರುವ ಕೊಳವೆಗಳಲ್ಲಿ ಸಾಗುತ್ತ ಹೊರಗಾಳಿಯ ಶಾಖದಿಂದಲೇ ಅನಿಲವಾಗುತ್ತದೆ. ಚಳಿಯ, ಮಂಜಿನ ಮುಂಜಾನೆ ಗಾಳಿಯಲ್ಲಿ ಶಾಖ ಕಡಿಮೆ. ರೆಕ್ಕೆಗಳಿಗೆ ಕಟ್ಟಿದ ಹಿಮ ಕರಗದೆ ದಪ್ಪವಾಗುತ್ತದೆ, ಶಾಖ ಒಳಹೋಗದಂತೆ ತಡೆಯುತ್ತದೆ. ಆಗ ತಣ್ಣನೆಯ ಅನಿಲ ಮುಂದೆ ಸಾಗಿ ಮುಂದಿನ ಕವಾಟವನ್ನೂ ಹಿಡಿದುಬಿಡುತ್ತದೆ. ಆದ್ದರಿಂದಲೇ ಇಂಥ ಕೊಳವೆಗಳನ್ನು ಎರಡು ಗುಂಪು ಮಾಡಿ, ಒಂದು ಕೆಲಸ ಮಾಡುವಾಗ ಇನ್ನೊಂದರ ಹಿಮ ಕರಗಲು ಬಿಡುವುದು ಜಾಣತನ.

ಕವಾಟ ತಿರುಗದಿದ್ದರೆ ಏನು ಮಾಡಬೇಕು? ಸುತ್ತಿಗೆಯಿಂದ ಹೊಡೆಯಬಾರದು, ಉದ್ದನೆಯ ಪಾನ ಹಾಕಿ ಜಗ್ಗಬಾರದು. ಹಿಮದ ಹಿಡಿತದಲ್ಲಿರುವ ದಂಡ ಮುರಿದೀತು. ಬೆಂಕಿ ಹಿಡಿಯುವುದಂತೂ ಸಲ್ಲದು. ಆಕ್ಸಿಜನ್ನಿನ ಕವಾಟಕ್ಕೆ ಎಣ್ಣೆ, ಗ್ರೀಸು ಸೋಕಿದರೆ ಅದೇ ಹೊತ್ತಿಕೊಳ್ಳಬಹುದು. ಬಲ್ಲ ತಂತ್ರಜ್ಞರು ಸರಬರಾಜನ್ನು ಬೇರೆ ದಾರಿಗೆ ತಿರುಗಿಸಿ, ಒಣ ನೈಟ್ರೊಜನ್ನಿನಿಂದಲೋ ಕವಾಟದ ಮೈಗೆ ಸುರಿದ ಉಗುರುಬೆಚ್ಚಗಿನ ನೀರಿನಿಂದಲೋ ನಿಧಾನವಾಗಿ ಹಿಮ ಕರಗಿಸುತ್ತಾರೆ. ನಿವಾರಕ ಕವಾಟದ ಬಾಯಿಗೆ ಮಾತ್ರ ನೀರು ಬೀಳಬಾರದು. ಅದು ಅಲ್ಲೇ ಹೆಪ್ಪುಗಟ್ಟುತ್ತದೆ. ಮುಚ್ಚಿದ ಎರಡು ಕವಾಟಗಳ ನಡುವೆ ದ್ರವ ಸಿಕ್ಕಿಕೊಂಡರೆ ಅಪಾಯ ಇನ್ನೂ ದೊಡ್ಡದು. 1 ಲೀಟರ್ ದ್ರವ ನೈಟ್ರೊಜನ್ ಸುಮಾರು 690 ಲೀಟರ್ ಅನಿಲವಾಗುತ್ತದೆ. ಹೊರದಾರಿ ಇಲ್ಲದಿದ್ದರೆ ಕೊಳವೆಯೇ ಸಿಡಿಯುತ್ತದೆ.

ಮುಂದಿನ ಸಲ ನಿಮ್ಮ ಹಸುವನ್ನು ಚಿಕಿತ್ಸಾಲಯಕ್ಕೆ ಕೊಂಡೊಯ್ದಾಗ ಆ ಜಾಡಿಯತ್ತ ಒಮ್ಮೆ ನೋಡಿ. ಮುಚ್ಚಳ ಸಡಿಲವಾಗಿದ್ದರೆ ಅದು ಅಜಾಗರೂಕತೆಯಲ್ಲ; ಅನಿಲ ಹೊರಬೀಳಲೆಂದೇ ಹಾಗಿದೆ. ಆದರೆ ಜಾಡಿಯ ಹೊರಮೈಗೆ ಹಿಮ ಕಟ್ಟಿದ್ದರೆ ನಿರ್ವಾತ ಕೆಟ್ಟಿದೆ ಎಂದೇ ತಿಳಿಯಿರಿ. ಕೂಡಲೇ ಅಲ್ಲಿನವರಿಗೆ ಹೇಳಿ. ದ್ರವ ಆರಿಹೋದರೆ ಕಡ್ಡಿಗಳು ಕೆಡುತ್ತವೆ, ನಿಮ್ಮ ಹಸು ಗಬ್ಬವಾಗುವ ಕಾಲ ಕೈತಪ್ಪುತ್ತದೆ.