ಪತ್ರಿಕೆ ಬಂತು, ನಮ್ಮ ಕೇರಿಗೆ ಯಾವಾಗ ಬಂತು?

ಗೆಳೆಯರೇ, ಜುಲೈ 1 ಬಂತು ಅಂದ್ರೆ ಪತ್ರಿಕಾ ದಿನಾಚರಣೆ. ಹಾರ, ಶಾಲು, ಭಾಷಣ. ಕಾರಣ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದ ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಕಲ್ಲಚ್ಚಿನಲ್ಲಿ. ಊರ ವರ್ತಮಾನ, ಸರ್ಕಾರದ ಕಾಯ್ದೆ, ಬೇರೆ ದೇಶದ ಸುದ್ದಿ, ಕತೆ ಎಲ್ಲ ಇತ್ತು. ಮರುವರ್ಷವೇ ಅಚ್ಚುಮೊಳೆಯ ಅನುಕೂಲಕ್ಕಾಗಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯ್ತು, ಹೆಚ್ಚು ದಿನ ಬಾಳಲಿಲ್ಲ.

ಇಷ್ಟನ್ನು ಎಲ್ಲರೂ ಹೇಳ್ತಾರೆ. ಹೇಳದೆ ಬಿಡೋದು ಇನ್ನೊಂದಿದೆ.

ಅದೇ 1843ರ ಏಪ್ರಿಲ್ 7ರಂದು ಕಂಪನಿ ಸರ್ಕಾರ 5ನೇ ಕಾಯ್ದೆ ಮಾಡಿತು. ಗುಲಾಮನ ಮೇಲೆ ಒಡೆಯನಿಗೆ ಹಕ್ಕಿದೆ ಅಂತ ಯಾವ ಕೋರ್ಟೂ ಒಪ್ಪಬಾರದು ಅನ್ನೋ ಕಾಯ್ದೆ. ಕೆನರಾ ಜಿಲ್ಲೆಯಲ್ಲಿ ಆ ಗುಲಾಮರು ಯಾರು? ನಮ್ಮ ಹೊಲೆಯರು, ಮೂಲದಾಳುಗಳು. ಗದ್ದೆ ಮಾರಿದರೆ ಗದ್ದೆಯ ಜೊತೆ ಕೈಬದಲಾಗುತ್ತಿದ್ದವರು.

ನಾನು ಆಫೀಸಿನಲ್ಲಿ ಟಪಾಲು ರಿಜಿಸ್ಟರ್ ಬರೆಯೋ ಗುಮಾಸ್ತ. ಕಾಗದ ಹೊರಡೋದು ಬೇರೆ, ತಲುಪೋದು ಬೇರೆ ಅಂತ ನನಗೆ ಚೆನ್ನಾಗಿ ಗೊತ್ತು. ಬಿಡುಗಡೆಯ ಕಾಯ್ದೆಯೂ ಬಂತು, ಮೂರು ತಿಂಗಳೊಳಗೆ ಕನ್ನಡದಲ್ಲಿ ಪತ್ರಿಕೆಯೂ ಬಂತು. ಆದರೆ ಓದಲು ಬಾರದ ಮೂಲದಾಳಿಗೆ ಎರಡೂ ಬರೀ ಕಾಗದ. ಆಳನ್ನು ಇಟ್ಟುಕೊಂಡವನಿಗೆ ಶಿಕ್ಷೆ ಅಂತ ಬರೆದದ್ದು 1860ರ ದಂಡಸಂಹಿತೆಯಲ್ಲಿ.

ಮೋಗ್ಲಿಂಗ್‌ಗೆ ಬೈಯೋಕೆ ಇದನ್ನು ಬರೀತಿಲ್ಲ. ಮಿಷನ್ ಶಾಲೆಗಳು ಕೆಲವರಿಗೆ ಬಾಗಿಲು ತೆರೆದವು, ನಿಜ. ಆದರೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗಂತಲೇ ಶಾಲೆ ತೆರೆದದ್ದು 1892ರಲ್ಲಿ. ಪತ್ರಿಕೆ ಬಂದು 49 ವರ್ಷ ಆದ ಮೇಲೆ!

ಇನ್ನು ನಮ್ಮ ಮಾತನ್ನು ನಾವೇ ಅಚ್ಚು ಹಾಕಿಸೋದು? 1920ರ ಜನವರಿ 31ರಂದು ಬಾಬಾಸಾಹೇಬರು ಮುಂಬೈನಲ್ಲಿ ‘ಮೂಕನಾಯಕ’ ಶುರು ಮಾಡಿದಾಗ ದುಡ್ಡು ಕೊಡ್ತೀವಿ ಅಂದ್ರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ಕೈಹಿಡಿದವರು ಕೊಲ್ಹಾಪುರದ ಶಾಹು ಮಹಾರಾಜರು, 2,500 ರೂಪಾಯಿ ಕೊಟ್ಟು. ಕನ್ನಡದಲ್ಲಿ ‘ಪಂಚಮ’ ಕೈಗೆ ಬರಲು ಎಪ್ಪತ್ತರ ದಶಕದವರೆಗೆ ಕಾಯಬೇಕಾಯ್ತು.

ಜುಲೈ 1 ಆಚರಿಸೋಣ, ಬೇಡ ಅನ್ನಲ್ಲ. ಆದರೆ ವೇದಿಕೆ ಮೇಲಿರೋರನ್ನು ಒಂದು ಮಾತು ಕೇಳಿ: ನಿಮ್ಮ ಪತ್ರಿಕೆಯ ಸುದ್ದಿಮನೆಯಲ್ಲಿ, ಸುದ್ದಿ ಆರಿಸೋ ಕುರ್ಚಿಯಲ್ಲಿ ನಮ್ಮ ಕೇರಿಯವರು ಎಷ್ಟು ಜನ ಇದ್ದಾರೆ?

ಉತ್ತರ ಸಿಕ್ಕರೆ ಕೆಳಗೆ ಬರೀರಿ. ಜೈ ಭೀಮ್.