ಕುರುಕ್ಷೇತ್ರ ಬರೆದವರು ಯಾರು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಗೋಡೆಗಳ ಮೇಲೆ ನಾಟಕದ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಬಹುಪಾಲು ಅದು 'ಕುರುಕ್ಷೇತ್ರ'ವೇ. ಕೃಷ್ಣ ಯಾರು, ದುರ್ಯೋಧನ ಯಾರು, ಹಾರ್ಮೋನಿಯಂ ಮಾಸ್ತರರು ಯಾರು, ಸೀನರಿ ಎಲ್ಲಿಯದು, ಉದ್ಘಾಟನೆಗೆ ಬರುವ ಗಣ್ಯರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ನಾಟಕ ಬರೆದವರ ಹೆಸರು ಮಾತ್ರ ಸಿಗುವುದು ಅಪರೂಪ.

ಈ ನಾಟಕಕ್ಕೆ ಊರಿನವರು ಕೈಯಿಂದ ಹಣ ಹಾಕುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಲೆಕ್ಕ; ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು. ಹೊಲ ಉತ್ತು ಬಂದವರು, ಮಗ್ಗದಿಂದ ಎದ್ದು ಬಂದವರು ತಿಂಗಳುಗಟ್ಟಲೆ ರಾತ್ರಿ ಕೂತು ಕಂದಪದ್ಯ ಕಲಿಯುತ್ತಾರೆ. ಇಷ್ಟು ಪ್ರೀತಿಯಿಂದ ಬಾಯಿಪಾಠ ಮಾಡಿದ ಮಾತಿಗೆ ಒಡೆಯರಿಲ್ಲವೆಂದರೆ ಆಶ್ಚರ್ಯವೇ ಸರಿ.

ಒಡೆಯರಿಲ್ಲದೆ ಏನಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ಆಡಿದ 'ಕುರುಕ್ಷೇತ್ರ'ವನ್ನು ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯ. 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಇವರೇ. ಕಾದಂಬರಿಕಾರರಾಗಿ ಅವರನ್ನು ಬಲ್ಲವರು ಅನೇಕರು. ನಾಟಕಕಾರರೆಂದು ಬಲ್ಲವರು ಕಡಿಮೆ. ಹಾಗೆಂದು ಇಂದು ಹಳ್ಳಿಗಳಲ್ಲಿ ಆಡುವುದೆಲ್ಲ ಅವರದೇ ಎನ್ನುವಂತಿಲ್ಲ. ಬೇರೆ ಬೇರೆ ಕೈಗಳ ಪದ್ಯ, ಮಾಸ್ತರರು ಸೇರಿಸಿದ ಹಾಡು, ನಟನ ಬಾಯಲ್ಲಿ ಬೆಳೆದ ಸಂಭಾಷಣೆ ಎಲ್ಲವೂ ಒಂದರೊಳಗೊಂದು ಬೆರೆತಿವೆ.

'ಸದಾರಮೆ'ಯ ಕಥೆಯೂ ಇಂಥದೇ. ವೀರಣ್ಣನವರ ಕಳ್ಳನ ಪಾತ್ರವನ್ನು ನೆನೆಯದ ಹಳಬರಿರಲಿಲ್ಲ. ಆ ನಾಟಕವನ್ನು ಕಂಪನಿಗೆ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು (1882-1961). 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೂ ಮಾತು, ಹಾಡು ಅವರವೇ. ಸದಾರಮೆಯ ಕಥೆ ಅವರು ಹುಟ್ಟಿಸಿದ್ದಲ್ಲ, ಅದಕ್ಕೂ ಮೊದಲಿನದು. ಆದರೆ ಜನ ಮೆಚ್ಚಿದ್ದು ಬರಿಯ ಕಥೆಯನ್ನಲ್ಲ, ಅದು ನಾಟಕವಾದ ಬಗೆಯನ್ನು.

ಹೆಸರು ಅಳಿಸಿಹೋದದ್ದಕ್ಕೆ ಕಾರಣ ಕಂಪನಿಗಳ ವ್ಯವಹಾರದಲ್ಲೇ ಇತ್ತು. ಕವಿ ಮಾಲೀಕರ ಸಂಬಳದವ. ಬರೆದದ್ದು ಕಂಪನಿಯ ಸ್ವತ್ತು. ಎದುರಾಳಿ ಕಂಪನಿಯ ಕೈಗೆ ಸಿಗದಂತೆ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದರು. ಜಾಹೀರಾತಿನಲ್ಲಿ ಮೆರೆಯುತ್ತಿದ್ದುದು ಮಾಲೀಕರ ಮತ್ತು ಮುಖ್ಯ ನಟರ ಹೆಸರು. ಟಿಕೆಟ್ಟು ಮಾರುತ್ತಿದ್ದುದೂ ಅವೇ ಹೆಸರುಗಳು ಎಂಬುದನ್ನು ಮರೆಯಬಾರದು. ಸಂಗೀತದ ಗೋಜಲು ಇನ್ನೂ ದೊಡ್ಡದು. ಮರಾಠಿ ಕಂಪನಿಗಳಿಂದ, ಪಾರ್ಸಿ ಕಂಪನಿಗಳಿಂದ ಮಟ್ಟುಗಳು ಧಾರಾಳವಾಗಿ ಬಂದವು. ಕರ್ನಾಟಕ ಸಂಗೀತದ ರಾಗಗಳು ಅವುಗಳ ಜೊತೆ ಸೇರಿಕೊಂಡವು. ಈಗ ಒಂದು ರಂಗಗೀತೆ ಯಾರದು ಎಂದು ಕೇಳಿದರೆ ಸಾಹಿತ್ಯಕ್ಕೊಬ್ಬರು, ಮಟ್ಟಿಗೊಬ್ಬರು, ಅದಕ್ಕೆ ಗತ್ತು ತಂದ ಗಾಯಕನಟರೊಬ್ಬರು ಎಂದೇ ಹೇಳಬೇಕಾಗುತ್ತದೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಹಕ್ಕು 60 ವರ್ಷ ಉಳಿಯುತ್ತದೆ. ಶಾಸ್ತ್ರಿಗಳ ಪ್ರಕಟಿತ ನಾಟಕಗಳ ಮೇಲಿನ ಆ ಹಕ್ಕು 2021ರ ಕೊನೆಗೆ ಮುಗಿಯಿತು. ಪುಟ್ಟಸ್ವಾಮಯ್ಯನವರು ತೀರಿಕೊಂಡದ್ದು 1984ರಲ್ಲಿ. ಅವರ ಕೃತಿಗಳ ಹಕ್ಕು 2044ರವರೆಗೆ ಇರುತ್ತದೆ. ಇದು ಹಣದ ಲೆಕ್ಕ. ಅದೇ ಕಾಯಿದೆಯ 57ನೆಯ ಕಲಂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಬೇರೆಯಾಗಿಯೇ ಇಟ್ಟಿದೆ. ಕೃತಿಸ್ವಾಮ್ಯವನ್ನು ಪೂರ್ತಿ ಮಾರಿಕೊಂಡವರಿಗೂ ಅದು ಉಂಟು.

ಹಳೆಯ ನಾಟಕಗಳಿಗೆ ಮರುಹುಟ್ಟು ಕೊಡುವ ಕೆಲಸ ಪೇಟೆಯಲ್ಲೂ ನಡೆದಿದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ 'ಸ್ಪಂದನ' ತಂಡದಿಂದ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದರು. ಕಂಪನಿಗಳಲ್ಲೇ ಬೆಳೆದ ಆರ್. ಪರಮಶಿವನ್ ತಮ್ಮ ನೆನಪಿನಲ್ಲಿದ್ದ ರಂಗಗೀತೆಗಳನ್ನು ಹೊಸ ತಲೆಮಾರಿಗೆ ಕಲಿಸಿದರು. ಪರಮಶಿವನ್ ಅವರಂಥವರು ಇಲ್ಲದಿದ್ದರೆ ಪುಸ್ತಕದಲ್ಲಿ ಸಾಹಿತ್ಯ ಉಳಿದು, ಹಾಡುವ ಬಗೆಯೇ ಗೊತ್ತಿಲ್ಲದ ಸ್ಥಿತಿ ಬರುತ್ತಿತ್ತು.

ಹಳ್ಳಿಯ ತಂಡಗಳಿಗೆ ಇಂಥ ಅನುಕೂಲವಿಲ್ಲ. ಅವರಿಗೆ ಆಧಾರ ಮಾಸ್ತರರ ಕೈಬರಹದ ಪುಸ್ತಕ. ಗುರುವಿನ ಪುಸ್ತಕ ನೋಡಿ ಶಿಷ್ಯ ಬರೆದುಕೊಳ್ಳುತ್ತಾನೆ. ಮೊದಲ ಹಾಳೆ ಹರಿದಿದ್ದರೆ ಕವಿಯ ಹೆಸರು ಅಲ್ಲಿಗೇ ಹೋಯಿತು. ಹಳೆಯ ಕಂಪನಿಗಳು ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳ, ಯಾವ ಹಾಡಿನ ಮಟ್ಟು ಎಂಬುದನ್ನು ಅಚ್ಚು ಹಾಕುವ ರೂಢಿಯಿತ್ತು. ಸಾಲ ತಂದದ್ದನ್ನು ಮುಚ್ಚಿಡುವ ಸಂಕೋಚ ಅವಕ್ಕಿರಲಿಲ್ಲ. ಜಾತ್ರೆಯ ನಾಟಕದ ಕರಪತ್ರದಲ್ಲಿ ಸೀನರಿಯವರ ಫೋನ್ ನಂಬರಿಗೂ ಜಾಗ ಸಿಗುತ್ತದೆ. ಅದರ ಪಕ್ಕದಲ್ಲಿ ಕವಿಗೊಂದು ಸಾಲು ಹಿಡಿಸದೆ ಹೋಗದು.